ನ್ಯೂ ಲ್ಯಾನಾರ್ಕಿನ ರಾಬರ್ಟ್ ಓವೆನ್ನರು

ಒಂದೇ ಸೂರಿನ ಕೆಳಗೆ ನೂರಾರು ಜನರನ್ನು ಕೂಡಿಸಿ ದುಡಿಸುವ ಪದ್ಧತಿ ಬಲಗೊಂಡದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಬ್ರಿಟನ್ನಿನ ನೂಲಿನ ಗಿರಣಿಗಳಿಂದ. ಕೂಡಿ ದುಡಿಯುವವರು ಒಬ್ಬರಿಗೊಬ್ಬರು ಏನಾಗಬೇಕು, ದುಡಿಸುವವನಿಗೂ ಅವರಿಗೂ ಇರತಕ್ಕ ನಂಟು ಯಾವುದು ಎಂಬ ಪ್ರಶ್ನೆಯನ್ನು ಗಿರಣಿಯ ಒಡೆಯರು ಕೇಳಿಕೊಂಡದ್ದು ವಿರಳ. ಕೇಳಿಕೊಂಡು, ಕೃತಿಯಿಂದಲೇ ಉತ್ತರ ಕೊಡಲು ಹೊರಟವರಲ್ಲಿ ರಾಬರ್ಟ್ ಓವೆನ್ನರು ಅಗ್ರಗಣ್ಯರು.

ಓವೆನ್ನರು 1771ನೆಯ ಇಸವಿ ಮೇ 14ರಂದು ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಸಣ್ಣ ಪೇಟೆಯಲ್ಲಿ ಜನಿಸಿದರು. ತಂದೆಯವರದು ಕುದುರೆಯ ಜೀನು ಮಾಡುವ ಕಸುಬು ಹಾಗೂ ಕಬ್ಬಿಣ ಸಾಮಾನಿನ ವ್ಯಾಪಾರ. ಹತ್ತು ವರ್ಷ ತುಂಬುವ ಹೊತ್ತಿಗೆ ಶಾಲೆ ಮುಗಿದಿತ್ತು. ಬಾಲಕನು ಊರು ಬಿಟ್ಟು ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತನು. ಮುಂದೆ ಮ್ಯಾಂಚೆಸ್ಟರ್ ಸೇರಿ, ಇಪ್ಪತ್ತರ ಆಸುಪಾಸಿನಲ್ಲಿಯೇ ಐನೂರು ಜನ ದುಡಿಯುವ ಗಿರಣಿಯೊಂದರ ವ್ಯವಸ್ಥಾಪಕನಾದನು. ತಾನೂ ಎಳೆಯ ವಯಸ್ಸಿನಲ್ಲಿ ಅನ್ಯರ ಅಂಗಡಿಯಲ್ಲಿ ದುಡಿದವನೆಂಬುದನ್ನು ಈ ಮನುಷ್ಯ ಮರೆತಂತೆ ಕಾಣುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ನದಿಯ ಜಲಪಾತಗಳ ಮಗ್ಗುಲಲ್ಲಿ ಡೇವಿಡ್ ಡೇಲ್ ಎಂಬ ವರ್ತಕರು ನ್ಯೂ ಲ್ಯಾನಾರ್ಕ್ ಗಿರಣಿಗಳನ್ನು ಕಟ್ಟಿಸಿದ್ದರು. 1799ರಲ್ಲಿ ಓವೆನ್ನರೂ ಅವರ ಪಾಲುದಾರರೂ ಅವುಗಳನ್ನು 60,000 ಪೌಂಡುಗಳಿಗೆ ಕೊಂಡರು. ಅದೇ ವರ್ಷ ಡೇಲರ ಮಗಳು ಕ್ಯಾರೊಲೈನರೊಡನೆ ಓವೆನ್ನರ ವಿವಾಹವೂ ಆಯಿತು. 1800ರ ಜನವರಿಯಿಂದ ಆಡಳಿತ ಅವರ ಕೈಗೆ ಬಂದಿತು. ಅಲ್ಲಿದ್ದವರು ಸುಮಾರು ಎರಡು ಸಾವಿರ ಜನ. ಅವರಲ್ಲಿ ಐನೂರರಷ್ಟು ಮಕ್ಕಳು ಎಡಿನ್‌ಬರೋ, ಗ್ಲಾಸ್ಗೋ ನಗರಗಳ ಅನಾಥಾಲಯಗಳಿಂದ ತಂದವರು. ಕುಡಿತ, ಕಳವು, ಜಗಳಗಳು ಹೇರಳವಾಗಿದ್ದವು. ಹೊಸ ಒಡೆಯನೋ ಪರನಾಡಿನವನು, ಮಾತಿನ ಧಾಟಿಯೂ ಬೇರೆ. ಆತನು ಮಾಡುವ ಪ್ರತಿಯೊಂದು ಸುಧಾರಣೆಯ ಹಿಂದೆಯೂ ಇನ್ನಷ್ಟು ದುಡಿಸಿಕೊಳ್ಳುವ ಹಂಚಿಕೆಯಿದೆಯೆಂದು ಜನರು ಶಂಕಿಸಿದರು. ಆ ಶಂಕೆ ಅಕಾರಣವಾದದ್ದೂ ಅಲ್ಲ. ಓವೆನ್ನರು ಲಾಭವನ್ನು ಬಿಟ್ಟುಕೊಟ್ಟ ವಿರಾಗಿಯೇನಲ್ಲ.

ಕಳವು ಮಾಡಿದವರನ್ನು ನ್ಯಾಯಾಲಯಕ್ಕೆ ಎಳೆಯದೆ, ಲೆಕ್ಕಪತ್ರಗಳನ್ನು ಬಿಗಿಗೊಳಿಸಿ ಕಳವೇ ಕಷ್ಟವಾಗುವಂತೆ ಮಾಡಿದರು. ಬೈಗುಳ, ಹೊಡೆತಗಳ ಬದಲಿಗೆ ಪ್ರತಿಯೊಬ್ಬ ಕೆಲಸಗಾರನ ಬಳಿಯಲ್ಲಿ ನಾಲ್ಕು ಮುಖದ ಮರದ ತುಂಡೊಂದನ್ನು ತೂಗುಹಾಕಿಸಿದರು. ಕಪ್ಪು, ನೀಲಿ, ಹಳದಿ, ಬಿಳಿ. ಹಿಂದಿನ ದಿನದ ನಡತೆಗೆ ತಕ್ಕ ಬಣ್ಣ ಮುಂದೆ ಕಾಣಬೇಕು. ಬಿಳಿಯು ಉತ್ತಮ, ಕಪ್ಪು ಅಧಮ. ಬಣ್ಣ ಅನ್ಯಾಯವೆನಿಸಿದವರು ನೇರವಾಗಿ ಓವೆನ್ನರ ಬಳಿ ದೂರಿಕೊಳ್ಳಬಹುದಾಗಿತ್ತು. ಈ ಉಪಾಯವನ್ನು ಹೊಗಳುವವರು ಬಹಳ. ಆದರೆ ಮಕ್ಕಳನ್ನು ತಿದ್ದಿದ ಅನುಭವವುಳ್ಳ ಶಿಕ್ಷಕರು, ದಿನವಿಡೀ ಕಪ್ಪು ಮುಖವನ್ನು ಎದುರಿಗಿಟ್ಟುಕೊಂಡು ದುಡಿಯುವವನ ಮನಸ್ಸನ್ನೂ ನೆನೆಯದಿರಲಾರರು.

ಜನರ ಮನಸ್ಸು ತಿರುಗಿದ್ದು ಆ ಮರದ ತುಂಡಿನಿಂದಲ್ಲ. ಓವೆನ್ನರು ಆಡಳಿತ ವಹಿಸಿಕೊಂಡು ಹತ್ತು ವರ್ಷ ಕಳೆಯುವುದರೊಳಗೆ ಅಮೆರಿಕವು ಬ್ರಿಟನ್ನಿಗೆ ಹತ್ತಿ ಕಳುಹಿಸುವುದನ್ನು ತಡೆಹಿಡಿಯಿತು. ಹತ್ತಿಯ ಬೆಲೆ ಆಕಾಶಕ್ಕೇರಿತು. ಅನೇಕ ಗಿರಣಿಗಳು ಬಾಗಿಲು ಹಾಕಿ ಕೆಲಸಗಾರರನ್ನು ಬೀದಿಗೆ ಬಿಟ್ಟವು. ಓವೆನ್ನರೂ ಯಂತ್ರಗಳನ್ನು ನಿಲ್ಲಿಸಿದರು. ಆದರೆ ಯಾರನ್ನೂ ತೆಗೆಯಲಿಲ್ಲ. ಯಂತ್ರಗಳನ್ನು ಒರೆಸಿ, ಎಣ್ಣೆ ಹಾಕಿ, ಸುಸ್ಥಿತಿಯಲ್ಲಿಡುವುದಷ್ಟೇ ಕೆಲಸ. ನಾಲ್ಕು ತಿಂಗಳ ಕಾಲ ಒಂದು ಎಳೆ ನೂಲೂ ಹೊರಬರಲಿಲ್ಲ, ಒಂದು ಕಾಸಿನ ಕೂಲಿಯೂ ಕಡಿತವಾಗಲಿಲ್ಲ. ಏಳು ಸಾವಿರ ಪೌಂಡುಗಳಿಗೂ ಮೀರಿದ ಹಣ ಹೀಗೆ ವೆಚ್ಚವಾಯಿತು. ಆರೇಳು ವರ್ಷಗಳ ಹಿತವಚನ ಮಾಡದಿದ್ದ ಕಾರ್ಯವನ್ನು ಆ ನಾಲ್ಕು ತಿಂಗಳು ಮಾಡಿದವು. ಅಂದಿನಿಂದ ಕೆಲಸಗಾರರು ಓವೆನ್ನರನ್ನು ನಂಬಿದರು.

ನಂಬಿಕೆ ಬೇರೂರಿದ ಬಳಿಕ ಉಳಿದ ಸುಧಾರಣೆಗಳು ಸಲೀಸಾದವು. ಗಿರಣಿಯ ಅಂಗಡಿಯಲ್ಲಿ ಸಗಟಾಗಿ ಕೊಂಡ ಒಳ್ಳೆಯ ಸಾಮಗ್ರಿ ಅಗ್ಗದ ದರದಲ್ಲಿ ದೊರೆಯುತ್ತಿತ್ತು. ಅದರ ಲಾಭ ಶಾಲೆಗೆ ಸಲ್ಲುತ್ತಿತ್ತು. ಕೆಲಸಗಾರರು ಕೂಲಿಯ ಅರವತ್ತನೆಯ ಒಂದು ಪಾಲನ್ನು ಕೂಡಿಡುವ ನಿಧಿಯಿಂದ ರೋಗಿಗಳಿಗೂ ವೃದ್ಧರಿಗೂ ನೆರವು ಒದಗುತ್ತಿತ್ತು. ಹತ್ತು ವರ್ಷ ತುಂಬದ ಮಕ್ಕಳಿಗೆ ಗಿರಣಿಯ ಬಾಗಿಲು ಮುಚ್ಚಿತು. ಅವರಿಗಾಗಿ 1816ರ ಜನವರಿ 1ರಂದು ಶೀಲಸಂವರ್ಧನ ಸಂಸ್ಥೆಯ ಬಾಗಿಲು ತೆರೆಯಿತು. ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಪ್ರವೇಶವಿದ್ದಿತು. ದಂಡನೆಯಿಲ್ಲ; ಹಾಡು, ಕುಣಿತ, ಪ್ರಾಣಿಗಳ ಚಿತ್ರಪಟಗಳು. ಶಿಶುವರ್ಗಕ್ಕೆ ಓವೆನ್ನರು ಆರಿಸಿದವರು ಪಂಡಿತರಲ್ಲ: ಜೇಮ್ಸ್ ಬುಕಾನನ್ ಎಂಬ ಬಡ ನೇಕಾರರು ಮತ್ತು ಹದಿನೇಳರ ಹರೆಯದ ಮೋಲಿ ಯಂಗ್ ಎಂಬ ತರುಣಿ. ಮಕ್ಕಳ ಮೇಲಿನ ಅಕ್ಕರೆಯೇ ಅವರ ಅರ್ಹತೆ. ಸಂಜೆಯ ಹೊತ್ತಿನಲ್ಲಿ ಅದೇ ಕಟ್ಟಡ ದುಡಿದು ಬಂದ ದೊಡ್ಡವರ ಪಾಠಶಾಲೆಯಾಗುತ್ತಿತ್ತು.

ಇಷ್ಟೆಲ್ಲ ವೆಚ್ಚವನ್ನು ಪಾಲುದಾರರು ಸಹಿಸಲಿಲ್ಲ. 1813ರಲ್ಲಿ ಗಿರಣಿಗಳು ಹರಾಜಿಗೆ ಬಂದವು. ಓವೆನ್ನರು ಬಂಡವಾಳಕ್ಕೆ ನೂರಕ್ಕೆ ಐದರ ಬಡ್ಡಿಯಷ್ಟರಿಂದ ತೃಪ್ತರಾಗುವ ಹೊಸ ಪಾಲುದಾರರನ್ನು ಹುಡುಕಿ, 1,14,100 ಪೌಂಡುಗಳಿಗೆ ಅವನ್ನು ಉಳಿಸಿಕೊಂಡರು. ತತ್ತ್ವಜ್ಞ ಜೆರೆಮಿ ಬೆಂಥಮ್ ಆ ಪಾಲುದಾರರಲ್ಲೊಬ್ಬರು. ಓವೆನ್ನರು ಮರಳಿದ ದಿನ ಜನರು ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಎಳೆದು ಊರೊಳಕ್ಕೆ ಕರೆತಂದರು.

ಆದರೂ ಒಂದು ಕೊರತೆಯನ್ನು ಮರೆಮಾಚಲಾಗದು. ನ್ಯೂ ಲ್ಯಾನಾರ್ಕಿನಲ್ಲಿ ಹಿತವನ್ನು ನಿರ್ಣಯಿಸುವವರು ಓವೆನ್ನರು, ಹಿತವನ್ನು ಪಡೆಯುವವರು ಕೆಲಸಗಾರರು. ಊರಿನ ಆಡಳಿತದ ಹಿಡಿತ ಕೊನೆಯವರೆಗೂ ಒಡೆಯರ ಕೈಯಲ್ಲಿಯೇ ಇದ್ದಿತು. ಹಾಡು, ಕುಣಿತಗಳ ಬಗೆಗೆ ಧರ್ಮನಿಷ್ಠ ಪಾಲುದಾರ ವಿಲಿಯಂ ಅಲೆನ್ನರ ವಿರೋಧ ಬಲವಾಗಿ, ಓವೆನ್ನರು ಆ ಊರಿನಿಂದ ದೂರವಾದಾಗ, ಶಾಲೆಯ ಪದ್ಧತಿಯನ್ನು ಕಾಯುವ ಅಧಿಕಾರ ಅದರ ಮಕ್ಕಳ ತಂದೆತಾಯಿಗಳಿಗೆ ಇರಲಿಲ್ಲ. 1825ರಲ್ಲಿ ಅವರು ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ ನ್ಯೂ ಹಾರ್ಮನಿ ಎಂಬ ಸಮತೆಯ ನೆಲೆಯನ್ನು ಸ್ಥಾಪಿಸಿದರು. ನಾನಾ ಕಡೆಯಿಂದ ಜನ ಬಂದು ತುಂಬಿದರು. ಕೂಡಿ ದುಡಿದು ಬೆಳೆದ ವಿಶ್ವಾಸ ಅವರಲ್ಲಿರಲಿಲ್ಲ. ಎರಡೇ ವರ್ಷಗಳಲ್ಲಿ ಅದು ಚದುರಿಹೋಯಿತು. ಓವೆನ್ನರ ಸಂಪತ್ತಿನ ಬಹುಭಾಗವೂ ಅದರೊಡನೆ ಕರಗಿತು.

ಉಳಿದ ಆಯುಷ್ಯವನ್ನು ಅವರು ಕಾರ್ಮಿಕ ಸಂಘಗಳಿಗೂ ಸಹಕಾರ ತತ್ತ್ವದ ಪ್ರಚಾರಕ್ಕೂ ಕೊಟ್ಟರು. ಆ ವಿಚಾರಗಳಿಂದ ಪ್ರೇರಿತರಾದವರು 1844ರಲ್ಲಿ ರಾಚ್‌ಡೇಲ್ ಪಟ್ಟಣದಲ್ಲಿ ಅಂಗಡಿಯೊಂದನ್ನು ತೆರೆದರು. ಅಲ್ಲಿ ಮಾತ್ರ ಒಡೆಯನೆಂಬವನಿರಲಿಲ್ಲ, ಸದಸ್ಯರೇ ಒಡೆಯರು. ಅಲ್ಲಿಂದ ಹರಡಿದ ಸಹಕಾರ ಚಳವಳಿ 1905ರಲ್ಲಿ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳವನ್ನೂ ಮುಟ್ಟಿತು. ಓವೆನ್ನರು 1858ರ ನವೆಂಬರ್ 17ರಂದು, ಹುಟ್ಟೂರಾದ ನ್ಯೂಟೌನಿನಲ್ಲಿಯೇ ನಿಧನರಾದರು. ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ ಅವರನ್ನು ಮಣ್ಣು ಮಾಡಲಾಯಿತು. ನ್ಯೂ ಲ್ಯಾನಾರ್ಕಿನ ಗಿರಣಿಗಳು 1968ರವರೆಗೆ ನಡೆದವು. 2001ರಲ್ಲಿ ಆ ಊರು, ಶಾಲೆಯ ಕಟ್ಟಡವೂ ಸೇರಿ, ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.