ಇಂದಿನ ಧಮ್ಮ ಚಿಂತನೆ: ದೂರು ಹೇಳಿದವರ ಅನ್ನ



ಕೆಲಸದ ಜಾಗದಲ್ಲಿ ಜೀವಕ್ಕೆ ಅಪಾಯವಿದೆ ಎಂದವರನ್ನೇ ಕೆಲಸದಿಂದ ತೆಗೆಯುವ ಸುದ್ದಿ ಕೇಳಿದಾಗಲೆಲ್ಲ ನನಗೆ ಬಾಬಾಸಾಹೇಬರ ಬದುಕಿನ ಎರಡು ಘಟ್ಟಗಳು ನೆನಪಾಗುತ್ತವೆ.

ಮೊದಲನೆಯದು ಮಹಾಡ್. 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಯ ನೀರು ಕುಡಿದರು. ಆ ಹಕ್ಕು ಪುರಸಭೆಯ ಠರಾವಿನಲ್ಲಿ ಮೊದಲೇ ಇತ್ತು. ಬಳಸಿದ್ದಕ್ಕೆ ನಮ್ಮವರಿಗೆ ಪೆಟ್ಟು ಬಿತ್ತು, ಊರುಗಳಲ್ಲಿ ಬಹಿಷ್ಕಾರ ಬಿತ್ತು. ಹಕ್ಕು ಕೇಳಿದವರ ಹೊಟ್ಟೆಗೆ ಹೊಡೆದರೆ ಉಳಿದವರು ತಾವಾಗಿಯೇ ಸುಮ್ಮನಾಗುತ್ತಾರೆ ಎಂಬ ಲೆಕ್ಕ ಅದು. ಬಾಬಾಸಾಹೇಬರು ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದರು. ಅದಕ್ಕೇ ದುಂಡುಮೇಜಿನ ಪರಿಷತ್ತಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರೊಂದಿಗೆ ಸಲ್ಲಿಸಿದ ಬೇಡಿಕೆಗಳಲ್ಲಿ ಬಹಿಷ್ಕಾರವನ್ನು ಅಪರಾಧವೆಂದು ಸಾರಬೇಕೆಂದು ಕೇಳಿದರು. ಬರ್ಮಾದ 1922ರ ಬಹಿಷ್ಕಾರ ವಿರೋಧಿ ಕಾಯ್ದೆಯನ್ನು ಅದಕ್ಕೆ ಮಾದರಿಯಾಗಿ ಮುಂದಿಟ್ಟರು.

ಎರಡನೆಯದು, 1942ರಿಂದ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಅವರು ಕಾರ್ಮಿಕ ಖಾತೆ ನೋಡಿಕೊಂಡ ಕಾಲ. 1943ರ ಡಿಸೆಂಬರಿನಲ್ಲಿ ಧನಬಾದಿನ ಕಲ್ಲಿದ್ದಲು ಗಣಿಯೊಳಗೆ ಸ್ವತಃ ಇಳಿದು ಕೆಲಸ ನೋಡಿದರು. ಅದಕ್ಕೂ ಹಿಂದಿನ ತಿಂಗಳು, ಕಾರ್ಮಿಕ ಸಂಘಗಳಿಗೆ ಮಾಲೀಕರು ಮಾನ್ಯತೆ ಕೊಡಲೇಬೇಕೆಂಬ ಮಸೂದೆ ಮಂಡಿಸಿದ್ದರು. ಒಬ್ಬನೇ ದೂರಿದರೆ ಅವನ ಕೆಲಸ ಹೋಗುತ್ತದೆ. ಸಂಘವೇ ದೂರಿದರೆ ಯಾರೊಬ್ಬರನ್ನೂ ಗುರಿ ಮಾಡುವುದು ಸುಲಭವಲ್ಲ.

ಅದೇ ಹಾದಿಯಲ್ಲಿ 1947ರಲ್ಲಿ ತಿದ್ದುಪಡಿ ಕಾಯ್ದೆ ಬಂತು. ಕೆಲಸದ ಷರತ್ತುಗಳ ಕುರಿತ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಕಾರ್ಮಿಕನನ್ನು ತೆಗೆದುಹಾಕುವುದು ಅನ್ಯಾಯದ ನಡೆ ಎಂದು ಅದರಲ್ಲಿ ಬರೆದಿತ್ತು. ಆದರೆ ಆ ಕಾಯ್ದೆ ಜಾರಿಗೆ ಬರಲೇ ಇಲ್ಲ. ಮಹಾಡದ ಠರಾವಿನಂತೆ ಅದೂ ಕಾಗದದಲ್ಲೇ ಉಳಿಯಿತು.

ಸುರಕ್ಷಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಇಳಿಯಲಾರೆ ಎಂದ ಗುತ್ತಿಗೆ ಕಾರ್ಮಿಕನಿಗೆ ನಾಳೆಯ ಹಾಜರಿ ಸಿಗುತ್ತದೆಂಬ ಭರವಸೆ ಎಲ್ಲಿದೆ?

ಸಮ್ಯಕ್ ವಾಚಾ ಎಂದರೆ ಸತ್ಯ ನುಡಿಯುವುದು. ಸತ್ಯ ನುಡಿದವರು ಉಪವಾಸ ಬೀಳದಂತೆ ನೋಡಿಕೊಳ್ಳುವುದು ಕೇಳಿಸಿಕೊಂಡವರ ಪಾಲಿನ ಧಮ್ಮ ಎಂದು ನಾನು ತಿಳಿದಿದ್ದೇನೆ. ಜೊತೆಯವರು ಅಪಾಯದ ಬಗ್ಗೆ ದೂರು ಬರೆದರೆ ಅದರ ಕೆಳಗೆ ನಮ್ಮ ಸಹಿಯೂ ಇರಲಿ. ಅವರ ಕೂಲಿ ನಿಂತರೆ ಅವರ ಮನೆಗೆ ಅಕ್ಕಿ ನಮ್ಮಿಂದ ಹೋಗಲಿ. ಸಂಘಂ ಶರಣಂ ಎನ್ನುವಾಗ ಇದನ್ನೂ ನೆನೆಯೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙