ಊರನ್ನು ಬೆಳಕಿನಲ್ಲಿ ಹಿಡಿದವರು: ಟಿ.ಎಸ್. ಸತ್ಯನ್

ಮಕ್ಕಳೇ, ಮೇಲುಕೋಟೆಯ ವೈರಮುಡಿ ಉತ್ಸವಕ್ಕೋ ಹೇಮಗಿರಿಯ ದನಗಳ ಜಾತ್ರೆಗೋ ನಿಮ್ಮಲ್ಲಿ ಹಲವರು ಹೋಗಿರುತ್ತೀರಿ. ಅಲ್ಲಿ ಈಗ ಎಲ್ಲರ ಕೈಯಲ್ಲೂ ಮೊಬೈಲ್ ಫೋನು. ಒಂದು ನಿಮಿಷದಲ್ಲಿ ಹತ್ತು ಫೋಟೊ ತೆಗೆದು, ಚೆನ್ನಾಗಿಲ್ಲದ್ದನ್ನು ಅಲ್ಲೇ ಅಳಿಸಿಬಿಡುತ್ತಾರೆ. ಎಪ್ಪತ್ತು ವರ್ಷಗಳ ಹಿಂದೆ ಹೀಗಿರಲಿಲ್ಲ. ಕ್ಯಾಮೆರಾದ ಬಗೆಯನ್ನು ಅವಲಂಬಿಸಿ ಒಂದು ರೀಲಿಗೆ 12 ಚಿತ್ರಗಳೋ 36 ಚಿತ್ರಗಳೋ, ಅಷ್ಟೇ. ಚಿತ್ರ ಹೇಗೆ ಬಂದಿದೆ ಎಂಬುದು ರೀಲು ತೊಳೆಯುವವರೆಗೆ ತೆಗೆದವರಿಗೂ ತಿಳಿಯುತ್ತಿರಲಿಲ್ಲ. ಅಂಥ ಕಾಲದಲ್ಲಿ ಕ್ಯಾಮೆರಾ ಹಿಡಿದು ಮೈಸೂರಿನ ಬೀದಿಗಳಲ್ಲಿ ಓಡಾಡಿದವರು ಟಿ.ಎಸ್. ಸತ್ಯನ್.

ಶ್ರೀರಂಗಪಟ್ಟಣದಿಂದ ಸುಮಾರು 15 ಕಿ.ಮೀ. ಹೋದರೆ ಮೈಸೂರು. ಸತ್ಯನ್ ಹುಟ್ಟಿದ್ದು ಅಲ್ಲಿಯೇ, 1923ರ ಡಿಸೆಂಬರ್ 18ರಂದು. ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್ ಎಂಬುದು ಅವರ ಪೂರ್ಣ ಹೆಸರು. ಮಹಾರಾಜ ಕಾಲೇಜಿನಲ್ಲಿ ಓದಿ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಕ್ಯಾಮೆರಾದ ಹುಚ್ಚು ಹಿಡಿದಿತ್ತು. ಆಗ ಫೋಟೊ ತೆಗೆಯುವವರು ಎಂದರೆ ಸ್ಟುಡಿಯೋ ಇಟ್ಟುಕೊಂಡವರು ಎಂದೇ ಜನ ತಿಳಿಯುತ್ತಿದ್ದರು. ಪದವಿ ಪಡೆದವರು ಅದನ್ನೇ ಜೀವನೋಪಾಯ ಮಾಡಿಕೊಳ್ಳುವುದು ಅಪರೂಪವಾಗಿತ್ತು. ಸತ್ಯನ್ ಆ ದಾರಿಯನ್ನೇ ಹಿಡಿದರು. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಆರಂಭವಾದಾಗ ಅದರ ಛಾಯಾಗ್ರಾಹಕರಾದರು. ಮುಂದೆ ಮುಂಬಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದರು. ಬಳಿಕ ಯಾರ ನೌಕರಿಯೂ ಬೇಡವೆಂದು ಸ್ವತಂತ್ರವಾಗಿ ಕೆಲಸ ಮಾಡಿದರು. ತಿಂಗಳ ಸಂಬಳ ಬಿಡುವುದು ಸುಲಭದ ಮಾತಲ್ಲ!

ರೀಲಿನಲ್ಲಿ ಚಿತ್ರ ಮೂಡುತ್ತಿದ್ದುದಾದರೂ ಹೇಗೆ? ಫಿಲ್ಮಿನ ಮೇಲೆ ಬೆಳ್ಳಿಯ ಲವಣಗಳ ತೆಳುವಾದ ಲೇಪವಿರುತ್ತದೆ. ಸಿಲ್ವರ್ ಬ್ರೋಮೈಡ್ ಅಂಥ ಒಂದು ಲವಣ. ಕ್ಯಾಮೆರಾದ ಬಾಗಿಲು ಕ್ಷಣಮಾತ್ರ ತೆರೆದಾಗ ಬೆಳಕು ಬಿದ್ದ ಕಣಗಳಲ್ಲಿ ಕಣ್ಣಿಗೆ ಕಾಣದ ಬದಲಾವಣೆಯಾಗುತ್ತದೆ. ಕತ್ತಲೆಕೋಣೆಯಲ್ಲಿ ಫಿಲ್ಮನ್ನು ರಾಸಾಯನಿಕ ದ್ರಾವಣದಲ್ಲಿ ಅದ್ದಿದಾಗ ಆ ಕಣಗಳು ಕಪ್ಪು ಬೆಳ್ಳಿಯಾಗುತ್ತವೆ. ಉಳಿದ ಲವಣವನ್ನು ಹೈಪೊ ಎಂಬ ಇನ್ನೊಂದು ರಾಸಾಯನಿಕ ತೊಳೆದುಹಾಕುತ್ತದೆ. ಆಗ ಸಿಗುವುದು ನೆಗೆಟಿವ್. ಅದರಲ್ಲಿ ಬಿಳಿ ಅಂಗಿ ಕಪ್ಪಾಗಿ, ಕಪ್ಪು ಕೂದಲು ಬಿಳಿಯಾಗಿ ಕಾಣುತ್ತದೆ. ನೆಗೆಟಿವ್ ಮೂಲಕ ಬೆಳಕನ್ನು ಹಾಯಿಸಿ ವಿಶೇಷ ಕಾಗದದ ಮೇಲೆ ಬೀಳಿಸಿದರೆ ಕಪ್ಪು ಬಿಳುಪು ಮತ್ತೆ ಅದಲುಬದಲಾಗಿ ನಿಜವಾದ ಚಿತ್ರ ಸಿಗುತ್ತದೆ. ಇಷ್ಟು ಶ್ರಮದ ನಂತರ ಚಿತ್ರದಲ್ಲಿದ್ದವರು ಕಣ್ಣು ಮುಚ್ಚಿದ್ದರೆ ಏನು ಮಾಡುವುದು? ಮಾಡುವಂತಿಲ್ಲ, ಆ ಕ್ಷಣ ಹೋಯಿತು. ಆದ್ದರಿಂದ ಒಳ್ಳೆಯ ಛಾಯಾಗ್ರಾಹಕರು ಮೊದಲು ಕಾಯುವುದನ್ನು ಕಲಿಯುತ್ತಿದ್ದರು.

ಸತ್ಯನ್ ದಸರಾ ಮೆರವಣಿಗೆಯಂಥ ದೊಡ್ಡ ಸಮಾರಂಭಗಳ ಚಿತ್ರ ತೆಗೆದರು. ಲೇಖಕ ಆರ್.ಕೆ. ನಾರಾಯಣ್ ಅವರ ಸ್ನೇಹಿತರು. ಅವರನ್ನೂ ಮೈಸೂರಿನ ಬೀದಿಗಳಲ್ಲಿಯೇ ಸೆರೆಹಿಡಿದರು. ಆದರೆ ಸತ್ಯನ್ ಹೆಚ್ಚು ಪ್ರೀತಿಸಿದ್ದು ಹೆಸರಿಲ್ಲದ ಜನರನ್ನು. ಕೆಲಸದಲ್ಲಿ ಮುಳುಗಿದವರು, ಕಂಕುಳಲ್ಲಿ ಮಗುವನ್ನೆತ್ತಿಕೊಂಡ ತಾಯಂದಿರು, ಶಾಲೆಯ ಮಕ್ಕಳು ಅವರ ಚಿತ್ರಗಳಲ್ಲಿ ತುಂಬಿದ್ದಾರೆ. ಹೆಚ್ಚಿನವು ಕಪ್ಪು ಬಿಳುಪಿನವು.

ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಚಿತ್ರಗಳನ್ನೂ ತೆಗೆದರು. ಸಿಡುಬು ವೈರಸ್‌ನಿಂದ ಬರುವ ಭಯಂಕರ ರೋಗ. ಬದುಕುಳಿದವರ ಮುಖದಲ್ಲೂ ಕಲೆಗಳು ಉಳಿಯುತ್ತಿದ್ದವು, ಕೆಲವರು ಕುರುಡರಾಗುತ್ತಿದ್ದರು. ಆಗ ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವಿರುವ ಕಾರ್ಡನ್ನು ಹಿಡಿದು ಮನೆಮನೆಗೆ ಹೋಗಿ, ಇಂಥ ರೋಗಿ ಇದ್ದಾರೆಯೇ ಎಂದು ಕೇಳುತ್ತಿದ್ದರು. ಓದಲು ಬಾರದವರಿಗೂ ಚಿತ್ರ ತಿಳಿಯುತ್ತದಲ್ಲವೇ? ರೋಗಿ ಸಿಕ್ಕಿದ ಕೂಡಲೇ ಸುತ್ತಲಿನವರಿಗೆಲ್ಲ ಲಸಿಕೆ ಹಾಕುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ನಿಮ್ಮ ಅಜ್ಜಿ ತಾತಂದಿರ ತೋಳಿನ ಮೇಲೆ ಲಸಿಕೆಯ ಗುರುತು ಇದೆಯೇ, ನೋಡಿ.

1977ರಲ್ಲಿ ಸತ್ಯನ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು. ಊರೂರು ಸುತ್ತಿದ ಮೇಲೆ ಅವರು ಮೈಸೂರಿಗೇ ಮರಳಿ ನೆಲೆಸಿದರು. ತಮ್ಮ ನೆನಪುಗಳನ್ನು ಪುಸ್ತಕವಾಗಿ ಬರೆದರು. 2009ರ ಡಿಸೆಂಬರ್ 13ರಂದು ಮೈಸೂರಿನಲ್ಲಿಯೇ ನಿಧನರಾದರು.

ಮಾಡಿ ನೋಡಿ: ಒಂದು ಚಪ್ಪಲಿ ಪೆಟ್ಟಿಗೆಯ ಒಂದು ಬದಿಯಲ್ಲಿ ಗುಂಡುಸೂಜಿಯಿಂದ ರಂಧ್ರ ಮಾಡಿ. ಎದುರು ಬದಿಯಲ್ಲಿ ಚೌಕಾಕಾರವಾಗಿ ಕತ್ತರಿಸಿ, ಎಣ್ಣೆ ಸವರಿದ ಬಿಳಿ ಕಾಗದ ಅಂಟಿಸಿ. ತಲೆಯ ಮೇಲೆ ದಪ್ಪ ಕಂಬಳಿ ಹೊದ್ದು, ಕಾಗದದ ಬದಿ ನಿಮ್ಮ ಕಡೆಗಿರುವಂತೆ ಪೆಟ್ಟಿಗೆಯನ್ನು ಹಿಡಿದು, ಬಿಸಿಲಿನಲ್ಲಿರುವ ಮರವನ್ನೋ ನಾಗಮಂಗಲದ ಸೌಮ್ಯಕೇಶವ ಗುಡಿಯ ಗರುಡಗಂಬವನ್ನೋ ನೋಡಿ. ಸೂರ್ಯನ ಕಡೆಗೆ ಮಾತ್ರ ತಿರುಗಿಸಬೇಡಿ. ಕಂಬ ತಲೆಕೆಳಗಾಗಿ ಕಾಣುತ್ತದೆ. ರಂಧ್ರವನ್ನು ದೊಡ್ಡದು ಮಾಡಿದರೆ ಚಿತ್ರಕ್ಕೆ ಹೊಳಪು ಬರುತ್ತದೆ, ಆದರೆ ಅಂಚುಗಳು ಮಸುಕಾಗುತ್ತವೆ. ಏಕೆಂದು ಯೋಚಿಸಿ, ನಿಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.