ಕೊಡುವ ಕೈ, ಒಡ್ಡುವ ಬೊಗಸೆ
ಕುದ್ಮುಲ್ ರಂಗರಾಯರ ಬದುಕು ಸೇವಾಕರ್ತರಿಗೆ ಕಲಿಸುವ ಪಾಠ



ಕೆಲವು ವರ್ಷಗಳ ಹಿಂದೆ ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಊರಾಚೆಯ ಕೇರಿಗೆ ಹೋಗಿದ್ದೆ. ಜ್ವರದಿಂದ ಮಲಗಿದ್ದ ಮಗುವಿಗೆ ಔಷಧಿ ಕೊಡಿಸಿ, ಪ್ರಾರ್ಥನೆ ಮಾಡಿ ಹೊರಡುವ ಹೊತ್ತಿಗೆ ಆ ಮನೆಯ ಅಜ್ಜಿ ಚಹಾ ಮಾಡಿ ತಂದರು. ಈಗಷ್ಟೇ ಕುಡಿದು ಬಂದೆನೆಂದು ಹೇಳಿ ನಾನು ಎದ್ದುಬಿಟ್ಟೆ. ಅದು ಸುಳ್ಳಾಗಿತ್ತು. ನೀರು ಎಲ್ಲಿಯದೋ ಏನೋ, ಹೊಟ್ಟೆ ಕೆಟ್ಟರೆ ಕಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೇ ಸಂಜೆ ಗೋಕಾಕದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ನೀರು ಎಲ್ಲಿಯದೆಂದು ಕೇಳದೆ ಎರಡು ಕಪ್ಪು ಚಹಾ ಕುಡಿದೆ. ಎರಡನೆಯ ಕಪ್ಪು ಕೈಯಲ್ಲಿರುವಾಗ ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ಆಕೆ ಒಂದು ಮಾತನ್ನೂ ಆಡಿರಲಿಲ್ಲ. ಕಪ್ಪನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಿದ್ದರು. ಆಕೆಗೆ ಎಲ್ಲವೂ ಅರ್ಥವಾಗಿತ್ತು.

ಈ ಸಂಗತಿ ಮತ್ತೆ ನೆನಪಾದದ್ದು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ದಾದಿಯರು, ಶಿಕ್ಷಕರು ಮತ್ತು ಸ್ವಸಹಾಯ ಸಂಘಗಳ ಕಾರ್ಯಕರ್ತೆಯರೊಡನೆ ಕುಳಿತು ಮಾತನಾಡುವಾಗ. ಜಾತಿಭೇದದ ಬಗ್ಗೆ ಸೇವಾಕರ್ತರಿಗೇ ಒಂದು ತರಬೇತಿ ಬೇಕು ಎಂಬ ಮಾತು ಬಂದಾಗ ಕೆಲವರಿಗೆ ನೋವಾಯಿತು. ನಾವು ಹಗಲಿರುಳು ಬಡವರ ನಡುವೆಯೇ ದುಡಿಯುತ್ತೇವೆ, ಯಾರ ಜಾತಿಯನ್ನೂ ಕೇಳುವುದಿಲ್ಲ, ನಮಗೇಕೆ ಈ ತರಬೇತಿ ಎಂದು ಅವರು ಕೇಳಿದರು. ಬಣ್ಣದ ಭೇದ ಬೇರೂರಿದ ನಾಡುಗಳಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಬ್ರಿಟನ್ನಿನಲ್ಲಿ ಸಮಾಜಸೇವಕರ ಶಿಕ್ಷಣವನ್ನು ನೋಡಿಕೊಳ್ಳುತ್ತಿದ್ದ ಮಂಡಳಿಯು 1989ರಲ್ಲಿ ವರ್ಣಭೇದದ ವಿರುದ್ಧದ ಕಲಿಕೆಯನ್ನು ಆ ಶಿಕ್ಷಣದ ಅಗತ್ಯ ಅಂಗವೆಂದು ಸಾರಿದಾಗ ಅಲ್ಲಿಯೂ ದೊಡ್ಡ ವಾದವಿವಾದ ನಡೆಯಿತು. ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿ ಕುಳಿತಿದೆ. ಆದರೆ ಅದಕ್ಕೂ ಸುಮಾರು ನೂರು ವರ್ಷ ಮೊದಲೇ ನಮ್ಮ ಕನ್ನಡ ಕರಾವಳಿಯಲ್ಲಿ ಒಬ್ಬರು ಈ ಪಾಠವನ್ನು ಯಾವ ತರಬೇತಿಯೂ ಇಲ್ಲದೆ ತಮ್ಮ ಬದುಕಿನಲ್ಲೇ ಕಲಿತರು. ಅವರೇ ಕುದ್ಮುಲ್ ರಂಗರಾಯರು. ಆ ದಿನ ನಾನು ವಾದಕ್ಕೆ ಇಳಿಯದೆ ಅವರ ಕಥೆಯನ್ನು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಸಾರಸ್ವತ ಬ್ರಾಹ್ಮಣ ಮನೆತನ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದರು. ಸಣ್ಣ ಸಂಬಳದ ಶಾಲಾ ಉಪಾಧ್ಯಾಯರಾಗಿ ದುಡಿಯುತ್ತಾ, ದುಡಿತದ ನಡುವೆಯೇ ಓದುತ್ತಾ ವಕೀಲಿ ಪರೀಕ್ಷೆಯನ್ನೂ ಮುಗಿಸಿದರು. ಮಂಗಳೂರಿನ ನ್ಯಾಯಾಲಯದಲ್ಲಿ ಬಡವರ ಪರವಾಗಿ ವಾದಿಸುವ ವಕೀಲರೆಂದು ಹೆಸರಾದರು. ಉಳ್ಳಾಲ ರಘುನಾಥಯ್ಯನವರು ಕಟ್ಟಿದ್ದ ಬ್ರಹ್ಮಸಮಾಜದ ಸಹವಾಸ ಅವರಿಗೆ ದೊರೆಯಿತು. ದೇವರೊಬ್ಬನೇ, ಮನುಷ್ಯರೆಲ್ಲರೂ ಅವನ ಮಕ್ಕಳು ಎಂಬ ನಂಬಿಕೆ ಅವರ ಮನಸ್ಸಿನಲ್ಲಿ ಬಲವಾಗಿ ನಾಟಿತು.

ನಂಬಿಕೆಯನ್ನು ಸಭೆಯಲ್ಲಿ ಹೇಳುವುದು ಸುಲಭ. ರಂಗರಾಯರು ಅದನ್ನು ಬೀದಿಗೆ ತಂದರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಕಟ್ಟಡವೊಂದನ್ನು ಹಿಡಿದು, ಆಗ ಪಂಚಮರೆಂದು ಕರೆಯಲ್ಪಡುತ್ತಿದ್ದ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಊರು ಅದನ್ನು ಸಹಿಸಲಿಲ್ಲ. ವಿರೋಧದಿಂದಾಗಿ ಶಾಲೆ ಜಾಗದಿಂದ ಜಾಗಕ್ಕೆ ಅಲೆಯಬೇಕಾಯಿತು. ಅವರ ಸ್ವಂತ ಸಮಾಜ ಅವರಿಗೆ ಬಹಿಷ್ಕಾರ ಹಾಕಿತು. ಬಹಿಷ್ಕಾರವೆಂದರೆ ಏನೆಂದು ನಮ್ಮ ಹಳ್ಳಿಗಳ ಹಿರಿಯರನ್ನು ಕೇಳಿರಿ. ಮದುವೆಗೆ ಕರೆಯುವವರಿಲ್ಲ, ಸಾವಿಗೆ ಬರುವವರಿಲ್ಲ, ಎದುರಿಗೆ ಸಿಕ್ಕರೆ ಮಾತನಾಡಿಸುವವರಿಲ್ಲ. ಹೆಂಡತಿ ಮಕ್ಕಳೂ ಅದನ್ನು ಉಣ್ಣಬೇಕು. ದಲಿತರು ದಿನವೂ ಅನುಭವಿಸುತ್ತಿದ್ದುದರ ಒಂದು ತುಣುಕು ರಂಗರಾಯರ ಪಾಲಿಗೂ ಬಂತು. ಅವರು ಹಿಂದೆ ಸರಿಯಲಿಲ್ಲ. 1897ರಲ್ಲಿ ದಲಿತೋದ್ಧಾರಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕೊಡಿಯಾಲಬೈಲಿನಲ್ಲಿ ಅದಕ್ಕೊಂದು ನೆಲೆ ಸಿಕ್ಕಿತು. ಮಂಗಳೂರಿನಲ್ಲೂ ಉಡುಪಿಯ ಕಡೆಯೂ ಶಾಲೆಗಳು ಹುಟ್ಟಿದವು.

ಮಕ್ಕಳು ಶಾಲೆಗೆ ಬರುವುದು ಕಷ್ಟವಾಗಿತ್ತು. ಈ ಜನಕ್ಕೆ ವಿದ್ಯೆಯ ಬೆಲೆ ಗೊತ್ತಿಲ್ಲ ಎಂದು ಗೊಣಗಿ ಕೈಚೆಲ್ಲಬಹುದಿತ್ತು. ಇಂದಿಗೂ ನಮ್ಮ ಬಾಯಿಂದ ಆ ಮಾತು ಬರುವುದುಂಟು. ರಂಗರಾಯರು ಕಾರಣವನ್ನು ಹುಡುಕಿದರು. ಮಗು ಶಾಲೆಗೆ ಬಂದರೆ ಮನೆಗೆ ಬರುವ ಕೂಲಿ ತಪ್ಪುತ್ತದೆ, ಹೊಟ್ಟೆ ಹಸಿದಿದ್ದರೆ ಅಕ್ಷರ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಶಾಲೆಯಲ್ಲಿ ಊಟದ ವ್ಯವಸ್ಥೆ ಮಾಡಿದರು. ಬಂದ ಮಕ್ಕಳಿಗೆ ದಿನಕ್ಕಿಷ್ಟು ಪೈಸೆಯೆಂದು ಕೊಟ್ಟರು. ಅಕ್ಷರದ ಜೊತೆಗೆ ಕೈಕಸುಬಿನ ತರಬೇತಿ ಕೊಡಿಸಿದರು. ಮನೆಯಿಲ್ಲದವರಿಗೆ ನೆಲ ದೊರಕಿಸಿ ವಸತಿ ಮಾಡಿಸಿದರು. ಕೊರಗರನ್ನೂ ಮರೆಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವರನ್ನು ದೊಡ್ಡ ದಾನಿಯೆಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಲಿತರ ವಿಷಯವನ್ನು ದಲಿತರಿಲ್ಲದ ಸಭೆಯಲ್ಲಿ ತೀರ್ಮಾನಿಸುವುದು ಸರಿಯಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ಮಂಗಳೂರಿನ ಪುರಸಭೆಗೂ ಜಿಲ್ಲಾ ಬೋರ್ಡಿಗೂ ದಲಿತ ಸದಸ್ಯರು ಬರಬೇಕೆಂದು ಪಟ್ಟುಹಿಡಿದರು. ಅಂಗಾರ ಮಾಸ್ತರ್ ಮತ್ತು ಗೋವಿಂದ ಮಾಸ್ತರ್ ಹಾಗೆ ಸದಸ್ಯರಾದರು. ನಿನ್ನೆಯವರೆಗೆ ಹೊರಗೆ ನಿಲ್ಲಬೇಕಾಗಿದ್ದವರು ಕುರ್ಚಿಯಲ್ಲಿ ಕುಳಿತು ಊರಿನ ಕೆಲಸದ ಬಗ್ಗೆ ಮಾತನಾಡಿದರು.

ತಮ್ಮ ಮನೆಯ ಬಾಗಿಲಿನೊಳಗೂ ಅವರು ಬೇರೆ ನಿಯಮ ಇಟ್ಟುಕೊಳ್ಳಲಿಲ್ಲ. ಮಗಳು ರಾಧಾಬಾಯಿಯವರ ಮದುವೆ ಜಾತಿಯ ಗೆರೆಯನ್ನು ದಾಟಿ ತಮಿಳುನಾಡಿನ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತದ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಅವರ ಮಗ ಜನರಲ್ ಕುಮಾರಮಂಗಲಂ 1966ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ಈಗ ರಂಗರಾಯರ ಕೊನೆಯ ದಿನಗಳಿಗೆ ಬರೋಣ. 1927ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರು ಪಡೆದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಹೆಣವನ್ನು ಪುರಸಭೆಯ ತೋಟಿಗಳು ಹೊರಬೇಕು, ಅಂತ್ಯಕ್ರಿಯೆ ಅವರ ಕೈಯಿಂದಲೇ ಆಗಬೇಕು ಎಂದು ಅವರು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು. ಅವರಿಗೆ ಇನ್ನೊಂದು ಆಸೆಯೂ ಇತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಸರಕಾರದ ದೊಡ್ಡ ಹುದ್ದೆಗೇರಿ, ತಮ್ಮ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು, ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಆ ಆಸೆ. ಮಂಗಳೂರಿನಲ್ಲಿರುವ ಅವರ ಸಮಾಧಿಯ ಮೇಲೆ ಅದನ್ನು ಕೆತ್ತಲಾಗಿದೆ. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ರಂಗರಾಯರ ಶಾಲೆಯನ್ನು ಕಂಡು ಅವರ ಕಾರ್ಯವನ್ನು ಮನಸಾರೆ ಮೆಚ್ಚಿಕೊಂಡರು. ಇಂದು ಮಂಗಳೂರಿನ ಪುರಭವನಕ್ಕೆ ಅವರ ಹೆಸರೇ ಇದೆ.

ಓದುಗರೇ, ಈ ಎರಡು ಕೊನೆಯ ಆಸೆಗಳ ಮೇಲೆ ಸ್ವಲ್ಪ ಧ್ಯಾನಿಸೋಣ. ಜಾತಿಯ ಲೆಕ್ಕಾಚಾರದಲ್ಲಿ ಮೇಲಿನವನು ಕೆಳಗಿನವನಿಗೆ ಅನ್ನ ಕೊಡಬಹುದು, ಬಟ್ಟೆ ಕೊಡಬಹುದು, ಹಣ ಕೊಡಬಹುದು. ಅದು ಪುಣ್ಯವೆಂದೇ ಎಣಿಸಲ್ಪಡುತ್ತದೆ. ಆದರೆ ಅವನ ಕೈಯಿಂದ ಒಂದು ಲೋಟ ನೀರು ಪಡೆಯುವಂತಿಲ್ಲ. ಅಂದಮೇಲೆ ಎಷ್ಟು ಕೊಟ್ಟರೂ ಕೊಡುವುದೊಂದರಿಂದಲೇ ಜಾತಿಯ ಗೋಡೆ ಬೀಳುವುದಿಲ್ಲ. ಕೆಲವೊಮ್ಮೆ ಕೊಡುವ ಕೈ ಆ ಗೋಡೆಯ ಮೇಲೆಯೇ ನಿಂತು ಕೆಳಗೆ ಚಾಚಿರುತ್ತದೆ. ರಂಗರಾಯರು ಮೂವತ್ತು ವರ್ಷಕ್ಕೂ ಮೀರಿ ಕೊಟ್ಟರು. ಆದರೆ ಕೊನೆಗೆ ಅವರು ಬೇಡಿದರು. ತೋಟಿಯ ಹೆಗಲನ್ನು ಬೇಡಿದರು, ದಲಿತ ಮಗುವಿನ ಕಾರಿನ ಧೂಳನ್ನು ಬೇಡಿದರು. ಕೊಟ್ಟ ಕೈಗಳು ಬೊಗಸೆಯಾದಾಗ ಅವರ ಸೇವೆ ಪೂರ್ಣವಾಯಿತು.

ನಮ್ಮ ಪ್ರಭು ಯೇಸುವೂ ಹೀಗೆಯೇ ಮಾಡಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಓದುತ್ತೇವೆ. ಯೆಹೂದ್ಯರು ಸಮಾರ್ಯದವರ ಪಾತ್ರೆಯನ್ನು ಬಳಸುತ್ತಿರಲಿಲ್ಲ. ಯೇಸುವಿನ ಬಳಿ ಸೇದುವುದಕ್ಕೆ ಏನೂ ಇರಲಿಲ್ಲ. ಜೀವಜಲವನ್ನು ಕೊಡಬಲ್ಲ ಆ ಪ್ರಭು ಮೊದಲು ಬಾಯಾರಿದವನಾಗಿ ಸಮಾರ್ಯದ ಸ್ತ್ರೀಯ ಕೊಡದ ನೀರನ್ನು ಕೇಳಿದರು. ಆಕೆ ಬೆಚ್ಚಿದ್ದು ಅದಕ್ಕೇ. ಆಕೆಯ ಉದ್ಧಾರ ಪ್ರಾರಂಭವಾದದ್ದೂ ಅಲ್ಲಿಂದಲೇ.

ಇಂತಹ ಮನಸ್ಸು ತಾನಾಗಿ ಬರುವುದಿಲ್ಲ. ಒಳ್ಳೆಯ ಗುಣಗಳು ಮತ್ತೆ ಮತ್ತೆ ಮಾಡಿದ ಕ್ರಿಯೆಗಳಿಂದ ರೂಢಿಯಾಗಿ ನೆಲೆಗೊಳ್ಳುತ್ತವೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಕೆಟ್ಟ ಗುಣಗಳೂ ಹಾಗೆಯೇ. ಅಜ್ಜಿಯ ಚಹಾವನ್ನು ನಿರಾಕರಿಸುವಂತೆ ನನಗೆ ಯಾರೂ ಆ ದಿನ ಹೇಳಿಕೊಟ್ಟಿರಲಿಲ್ಲ. ಎಂದಿನಿಂದಲೋ ರೂಢಿಯಾದದ್ದು ನನ್ನ ಅರಿವಿಗೆ ಬಾರದೆ ಕೈಯನ್ನು ಹಿಂದಕ್ಕೆಳೆಯಿತು. ಆದ್ದರಿಂದಲೇ ಒಳ್ಳೆಯವರಿಗೂ ತರಬೇತಿ ಬೇಕು. ಅದು ಅವಮಾನವಲ್ಲ, ಪಾಪನಿವೇದನೆಗೆ ಮೊದಲು ನಾವು ಮಾಡುವ ಆತ್ಮಪರಿಶೀಲನೆಯಂತೆ ಅದೊಂದು ಕೃಪೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ನಮ್ಮ ಧರ್ಮಸಭೆಯೊಳಗೂ ಜಾತಿಭೇದ ಉಳಿದಿರುವುದನ್ನು ಮುಚ್ಚಿಡದೆ ಒಪ್ಪಿಕೊಂಡಿದೆ. ಧರ್ಮಾಧ್ಯಕ್ಷರೇ ಒಪ್ಪಿಕೊಂಡ ಮೇಲೆ ನಾವು ನಾಚುವುದೇಕೆ?

ಇದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಗೋಕಾಕ ತಾಲ್ಲೂಕಿನ ಘಟಪ್ರಭೆಯಲ್ಲಿ 1997ರಲ್ಲಿ, ಮೈರಾಡಾ ಸಂಸ್ಥೆಯ ನೆರವಿನಿಂದ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಂದಿರ ಸಂಸ್ಥೆ ಅದು. ಆ ಪದ್ಧತಿಗೆ ಬಲಿಯಾದವರಲ್ಲಿ ಹೆಚ್ಚಿನವರು ದಲಿತರು. ಬಾಲ್ಯದಲ್ಲಿ ತಾವೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಆ ಸಂಸ್ಥೆಯನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ನೆರವು ಪಡೆಯಲು ಬಂದವರೇ ನಡೆಸುವವರಾದರು. ರಂಗರಾಯರು ಇದನ್ನು ಕಂಡಿದ್ದರೆ ಘಟಪ್ರಭೆಯ ರಸ್ತೆಯ ಧೂಳನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದರೇನೋ.

ಈ ವಾರ ಕುಟುಂಬ ಪ್ರಾರ್ಥನೆಯ ವೇಳೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಲೋಟ, ತಟ್ಟೆ ಬೇರೆ ಇವೆಯೇ? ನಾವು ಯಾರಿಗೆ ಸಹಾಯ ಮಾಡುತ್ತೇವೆಯೋ ಅವರ ಮನೆಯಲ್ಲಿ ಕುಳಿತು ಎಂದಾದರೂ ಉಂಡಿದ್ದೇವೆಯೇ? ನಮ್ಮ ಸಂಘ, ನಮ್ಮ ಧರ್ಮಕೇಂದ್ರದ ಸಮಿತಿಗಳಲ್ಲಿ ಅವರಿಗೆ ಕುರ್ಚಿ ಇದೆಯೇ, ಅಥವಾ ಪಡೆಯುವವರ ಸಾಲು ಮಾತ್ರ ಇದೆಯೇ?

ನಾನು ಮತ್ತೆ ಆ ಕೇರಿಗೆ ಹೋದೆ. ಈ ಬಾರಿ ಚಹಾ ತರುವುದಕ್ಕೆ ಕಾಯದೆ ನಾನೇ ಕೇಳಿದೆ. ಅಜ್ಜಿ ಒಂದು ಗಳಿಗೆ ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ ಒಲೆ ಹೊತ್ತಿಸಿದರು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು.

ಬಾಯಾರಿ ಬಾವಿಯ ಬಳಿ ಕುಳಿತ ಪ್ರಭುವೇ, ಕೊಡುವುದನ್ನು ಕಲಿಸಿದ ನೀನು ಪಡೆಯುವ ದೀನತೆಯನ್ನೂ ನಮಗೆ ಕಲಿಸು. ಆಮೆನ್.